ಅಳುಕಿನ ಆನಂದ: ‘ಹಂಟರ್‌ವಾಲಿ’ಯೂ ಸಾಹಸಚಿತ್ರಗಳ ಚರಿತ್ರೆಯೂ

ಓದುಬರೆಹ ಬಲ್ಲವರು ಕೆಲವು ಚಲಚ್ಚಿತ್ರಗಳನ್ನು ನೋಡಿ ಸುಖಪಡುತ್ತಾರೆ. ಆದರೆ ನೋಡಿದೆವೆಂದು ಹೇಳಿಕೊಳ್ಳಲು ಸಂಕೋಚಪಡುತ್ತಾರೆ. ಕಥೆಯಲ್ಲಿ ಹುರುಳಿರುವುದಿಲ್ಲ, ಪಾತ್ರಗಳಲ್ಲಿ ಆಳವಿರುವುದಿಲ್ಲ, ಮುಂದೇನಾಗುವುದೆಂಬುದು ಮೊದಲ ಹತ್ತು ನಿಮಿಷಗಳಲ್ಲಿಯೇ ತಿಳಿದುಹೋಗಿರುತ್ತದೆ. ಆದರೂ ಕುದುರೆಯ ಓಟ, ಕತ್ತಿಯ ಝಳಪು, ಉಪ್ಪರಿಗೆಯಿಂದ ಉಪ್ಪರಿಗೆಗೆ ನೆಗೆಯುವವರ ಅಂದವಾದ ಮೈಕಟ್ಟು, ಇವೆಲ್ಲ ಕಣ್ಣನ್ನು ಕಟ್ಟಿಹಾಕುತ್ತವೆ. ಹೊರಗೆ ಬಂದಾಗ ಪರಿಚಿತರು ಎದುರಾದರೆ ಹೊತ್ತು ಕಳೆಯಲು ಬಂದಿದ್ದೆನೆಂಬ ಸಮಜಾಯಿಷಿ ತಾನಾಗಿಯೇ ಬಾಯಿಗೆ ಬರುತ್ತದೆ. ಈ ಬಗೆಯ ಸುಖವನ್ನು ಪ್ರಕೃತ ಲೇಖನದಲ್ಲಿ ‘ಅಳುಕಿನ ಆನಂದ’ವೆಂದು ಕರೆದಿದೆ. ಇದು ಮನಶ್ಶಾಸ್ತ್ರಕ್ಕೋ ಕಾವ್ಯಮೀಮಾಂಸೆಗೋ ಸೇರಿದ ವಿಷಯ, ಇತಿಹಾಸ ವಿಭಾಗಕ್ಕೆ ಇದರಿಂದ ಆಗಬೇಕಾದುದೇನು, ಎಂದು ಕೇಳುವವರುಂಟು. ಆನಂದದ ವಿಚಾರ ಹೇಗೇ ಇರಲಿ, ಅಳುಕಿಗೆ ಮಾತ್ರ ಒಂದು ಚರಿತ್ರೆಯಿದೆ. ಅದು ಯಾವ ಕಾಲದಲ್ಲಿ, ಯಾರ ನಡುವೆ, ಯಾವ ಕಾರಣದಿಂದ ಬೆಳೆಯಿತೆಂಬುದನ್ನು ಗುರುತಿಸಬಹುದು. ಅದರ ದೆಸೆಯಿಂದ ನಮ್ಮ ತಿಳಿವಿನಲ್ಲಿ ಎಂತಹ ಕೊರತೆಗಳು ಉಂಟಾಗಿವೆಯೆಂಬುದನ್ನೂ ಗುರುತಿಸಬಹುದು. ಇದಕ್ಕೆ 1935ರಲ್ಲಿ ಬೊಂಬಾಯಿಯಲ್ಲಿ ತೆರೆಕಂಡ ‘ಹಂಟರ್‌ವಾಲಿ’ ಎಂಬ ಹಿಂದಿ ವಾಕ್ಚಿತ್ರಕ್ಕಿಂತ ಒಳ್ಳೆಯ ನಿದರ್ಶನ ಸಿಕ್ಕುವುದು ಕಷ್ಟ.

ಹೆಸರನ್ನು ಕೇಳಿದೊಡನೆ ಇಂಗ್ಲಿಷ್ ಬಲ್ಲವರು ಬೇಟೆಗಾರ್ತಿಯೆಂದು ಭಾವಿಸುವುದು ಸಹಜ. ಹಿಂದೂಸ್ತಾನಿಯ ಬಳಕೆಯಲ್ಲಿ ಹಂಟರ್ ಎಂದರೆ ಚಾವಟಿ. ಹಂಟರ್‌ವಾಲಿಯೆಂದರೆ ಚಾವಟಿ ಹಿಡಿದವಳು. ಕಥೆಯನ್ನು ಮೂರು ಮಾತಿನಲ್ಲಿ ಮುಗಿಸಬಹುದು. ದುಷ್ಟ ಮಂತ್ರಿಯೊಬ್ಬನು ರಾಜನನ್ನು ಸೆರೆಯಲ್ಲಿಡುತ್ತಾನೆ. ರಾಜಕುಮಾರಿ ಮಾಧುರಿ ಮುಖವಾಡ ಧರಿಸಿ, ಚಾವಟಿ ಹಿಡಿದು, ಕುದುರೆಯೇರಿ, ದೀನರನ್ನು ರಕ್ಷಿಸುತ್ತ ದುರುಳರನ್ನು ದಂಡಿಸುತ್ತ ಹೋಗುತ್ತಾಳೆ. ಕಡೆಯಲ್ಲಿ ಧರ್ಮ ಗೆಲ್ಲುತ್ತದೆ. ಮುಖವಾಡದ ಸಾಹಸಿಯ ಕಲ್ಪನೆಯೂ ಹೊಸದಲ್ಲ. ಅಮೆರಿಕದ ನಟ ಡಗ್ಲಸ್ ಫೇರ್‌ಬ್ಯಾಂಕ್ಸ್ 1920ರಲ್ಲಿಯೇ ‘ದಿ ಮಾರ್ಕ್ ಆಫ್ ಝೋರೋ’ ಚಿತ್ರದಲ್ಲಿ ಅದನ್ನು ಲೋಕಪ್ರಸಿದ್ಧಗೊಳಿಸಿದ್ದನು. ನಮ್ಮಲ್ಲಿಯೂ 1931ರ ‘ದಿಲೇರ್ ಜಿಗರ್’ ಎಂಬ ಮೂಕಚಿತ್ರದಲ್ಲಿ ಮುಂದೆ ಪ್ರಸಿದ್ಧಿಗೆ ಬಂದ ಲಲಿತಾ ಪವಾರ್ ಮುಖವಾಡ ತೊಟ್ಟು ಹೋರಾಡಿದ್ದರು. ಆದ್ದರಿಂದ ‘ಹಂಟರ್‌ವಾಲಿ’ಯಲ್ಲಿ ಕಥಾವಸ್ತುವಿನ ನಾವೀನ್ಯವನ್ನು ಹುಡುಕತಕ್ಕದ್ದಲ್ಲ. ಅದರಲ್ಲಿ ಹೊಸದಾಗಿದ್ದುದು ನಾಯಿಕೆ.

ನಾದಿಯಾ ಎಂದು ಹೆಸರಾದ ಮೇರಿ ಎವನ್ಸ್ 1908ರಲ್ಲಿ ಆಸ್ಟ್ರೇಲಿಯದ ಪರ್ತ್ ನಗರದಲ್ಲಿ ಜನಿಸಿದಳು. ತಂದೆ ಬ್ರಿಟಿಷ್ ಸೈನ್ಯದಲ್ಲಿದ್ದವನು, ತಾಯಿ ಗ್ರೀಕ್ ಮೂಲದವಳು. ಚಿಕ್ಕಂದಿನಲ್ಲಿಯೇ ಬೊಂಬಾಯಿಗೆ ಬಂದಳು. ತಂದೆ ಮೊದಲನೆಯ ಮಹಾಯುದ್ಧದಲ್ಲಿ ಮಡಿದ ಬಳಿಕ ಪೇಷಾವರದ ಕಡೆ ಬೆಳೆದು ಕುದುರೆ ಸವಾರಿ ಕಲಿತಳು. ಮುಂದೆ ಬ್ಯಾಲೆ ನೃತ್ಯದ ತಂಡದಲ್ಲಿಯೂ ಸರ್ಕಸ್ಸಿನಲ್ಲಿಯೂ ದುಡಿದಳು. ಹೊಂಬಣ್ಣದ ಕೂದಲು, ನೀಲಿಗಣ್ಣು, ದೃಢವಾದ ಮೈಕಟ್ಟು. ಹಿಂದಿಯ ಉಚ್ಚಾರಣೆಯಂತೂ ಕೊನೆಯವರೆಗೂ ಪರಕೀಯವಾಗಿಯೇ ಉಳಿಯಿತು. ಇಂತಹವಳನ್ನು ಭಾರತೀಯ ರಾಜಕುಮಾರಿಯಾಗಿ ತೋರಿಸಲು ಹೊರಟವರು ವಾಡಿಯಾ ಸೋದರರು. ಅಣ್ಣ ಜೆ. ಬಿ. ಎಚ್. ವಾಡಿಯಾ (1901–1986), ತಮ್ಮ ಹೋಮಿ ವಾಡಿಯಾ. ಬೊಂಬಾಯಿಯಲ್ಲಿ ಹಡಗು ಕಟ್ಟುವುದರಲ್ಲಿ ಹೆಸರುವಾಸಿಯಾದ ಪಾರ್ಸಿ ಮನೆತನ ಅವರದು. ಪರೇಲಿನಲ್ಲಿ ಪೂರ್ವಜರು ಕಟ್ಟಿಸಿದ ಲವ್‌ಜಿ ಕ್ಯಾಸಲ್ ಎಂಬ ಬಂಗಲೆಯಲ್ಲಿಯೇ 1933ರಲ್ಲಿ ‘ವಾಡಿಯಾ ಮೂವಿಟೋನ್’ ಎಂಬ ಸ್ಟುಡಿಯೊ ತೆರೆದರು. ಅಣ್ಣ ಎಂ.ಎ., ಎಲ್ಎಲ್.ಬಿ. ಪದವೀಧರ, ಫೇರ್‌ಬ್ಯಾಂಕ್ಸನ ಅಭಿಮಾನಿ, ರಾಜಕೀಯದಲ್ಲಿ ಮುಂದೆ ಎಂ. ಎನ್. ರಾಯ್ ಅವರ ಅನುಯಾಯಿ. ಹೊಸ ನಟಿಗೆ ನಂದಾದೇವಿ ಎಂದು ಹೆಸರಿಡೋಣವೆಂದು ಅವರು ಸೂಚಿಸಿದ್ದರಂತೆ. ಆಕೆ ಒಪ್ಪಲಿಲ್ಲ. ಕೂದಲಿನ ಬಣ್ಣವನ್ನು ಮರೆಮಾಡಲೂ ಒಪ್ಪಲಿಲ್ಲ.

ಚಿತ್ರವನ್ನು ನಿರ್ದೇಶಿಸಿದವರು ಹೋಮಿ. ಸುಮಾರು 80,000 ರೂಪಾಯಿ ಖರ್ಚಾಗಿ ಚಿತ್ರ ಮುಗಿದ ಮೇಲೆ ಹಂಚಿಕೆದಾರರು ಕೊಳ್ಳಲು ಹಿಂಜರಿದರು. ಚಡ್ಡಿ, ಬೂಟು ಧರಿಸಿ ಗಂಡಸರನ್ನು ಹೆಗಲ ಮೇಲೆತ್ತಿ ಎಸೆಯುವ ಬಿಳಿಯ ಹೆಂಗಸನ್ನು ನಮ್ಮ ಜನ ಸೈರಿಸುವರೆ ಎಂಬುದು ಅವರ ಸಂಶಯ. ಸೋದರರು ತಮ್ಮ ಹೊಣೆಯ ಮೇಲೆಯೇ ಗ್ರಾಂಟ್ ರೋಡಿನ ಸೂಪರ್ ಸಿನಿಮಾದಲ್ಲಿ ಪ್ರದರ್ಶನಕ್ಕಿಟ್ಟರು. ಚಿತ್ರ ಇಪ್ಪತ್ತೈದು ವಾರಗಳಿಗೂ ಹೆಚ್ಚು ಕಾಲ ಓಡಿತು. ಯಾರ ಅಪ್ಪಣೆಯೂ ಇಲ್ಲದೆ ನಾದಿಯಾಳ ಹೆಸರಿನ ಚಾವಟಿಗಳೂ ಬೆಂಕಿಪೆಟ್ಟಿಗೆಗಳೂ ಪೇಟೆಗೆ ಬಂದುವು. ಆ ಬಳಿಕ ‘ಮಿಸ್ ಫ್ರಾಂಟಿಯರ್ ಮೇಲ್’ (1936), ‘ಹರಿಕೇನ್ ಹಂಸಾ’ (1937), ‘ಪಂಜಾಬ್ ಮೇಲ್’ (1939), ‘ಡೈಮಂಡ್ ಕ್ವೀನ್’ (1940), ‘ಜಂಗಲ್ ಪ್ರಿನ್ಸೆಸ್’ (1942) ಹೀಗೆ ಸಾಲುಸಾಲಾಗಿ ಚಿತ್ರಗಳು ಬಂದುವು.

ಈ ಚಿತ್ರಗಳು ತೆಳುವೆಂಬ ಆಕ್ಷೇಪ ನಿಜವೇ. ಆದರೆ ತೆಳುವಾದುದೇಕೆಂದು ವಿಚಾರಿಸಿದವರು ವಿರಳ. ಬರೆಯುವವರಿಗೆ ಬುದ್ಧಿ ಸಾಲದೆ ಹೀಗಾಯಿತೆನ್ನಲು ಸಾಧ್ಯವಿಲ್ಲ, ಜೆ. ಬಿ. ಎಚ್. ವಾಡಿಯಾ ಬಹುಶ್ರುತರು. ಭರತನು ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕವೆಂದು ನಾಲ್ಕಾಗಿ ವಿಂಗಡಿಸಿದುದು ವಾಚಕರಿಗೆ ತಿಳಿದೇ ಇದೆ. ನಾದಿಯಾಳಲ್ಲಿ ವಾಚಿಕ ದುರ್ಬಲ. ಸಾತ್ತ್ವಿಕದಲ್ಲಿ ಆಕೆ ಪಳಗಿದವಳಲ್ಲ. ಆಂಗಿಕವಾದರೋ ಅಸಾಧಾರಣ. ಬದಲಿ ಆಳನ್ನಿಟ್ಟುಕೊಳ್ಳದೆ ಓಡುವ ರೈಲಿನ ಮಾಡಿನ ಮೇಲೆ ಹೊಡೆದಾಡುವುದು, ಸಿಂಹಗಳ ನಡುವೆ ನಿಲ್ಲುವುದು, ಎತ್ತರದಿಂದ ಧುಮುಕುವುದು, ಇವನ್ನು ತಾನೇ ಮಾಡುತ್ತಿದ್ದಳು. ಮಾತು ಕಡಮೆಯಾಗಿ ಮೈ ಹೆಚ್ಚು ದುಡಿಯಬೇಕಾದ ಕಥೆಗಳೇ ಆಕೆಗೆ ಹೊಂದತಕ್ಕವು. ಇದು ಒಂದು ಕಾರಣ. ಇದಕ್ಕಿಂತಲೂ ಮುಖ್ಯವಾದದ್ದು ಇನ್ನೊಂದಿದೆ. 1931ರಲ್ಲಿ ‘ಆಲಂ ಆರಾ’ ಬಂದು ಚಿತ್ರಗಳು ಮಾತಾಡತೊಡಗಿದ ಕೂಡಲೆ, ಮೂಕಚಿತ್ರಕ್ಕೆ ಇಲ್ಲದಿದ್ದ ಭಾಷೆಯ ಗಡಿ ವಾಕ್ಚಿತ್ರಕ್ಕೆ ಬಂದಿತು. ಹಿಂದಿಯ ಸಂಭಾಷಣೆಯನ್ನೇ ನೆಚ್ಚಿದ ಸಾಮಾಜಿಕ ಚಿತ್ರ ಹಿಂದಿ ಅರಿಯದ ಊರಿನಲ್ಲಿ ಅರ್ಧ ಸತ್ತಂತೆ. ಚಾವಟಿಯ ಏಟಿಗೆ ಅನುವಾದ ಬೇಡ. ಎಲ್ಲಿ ಕಥೆ ತೆಳುವಾಗಿತ್ತೋ ಅಲ್ಲಿ ಚಿತ್ರ ಹಗುರವಾಗಿ ದೂರದವರೆಗೆ ಹೋಗಬಲ್ಲುದಾಗಿತ್ತು. ಆಳವಿಲ್ಲವೆಂದು ನಾವು ತೆಗಳುವ ಗುಣ ಅದರ ಸಂಚಾರಕ್ಕೆ ಬೇಕಾದ ಗುಣವಾಗಿತ್ತು.

ಈ ಸಂಚಾರಕ್ಕೆ ಕನ್ನಡ ನಾಡಿನ ಸಾಕ್ಷಿಯೇ ಇದೆ. ನಾಟಕಕಾರ ಗಿರೀಶ ಕಾರ್ನಾಡರು ಬಾಲ್ಯವನ್ನು ಕಳೆದದ್ದು ಶಿರಸಿಯಲ್ಲಿ. ಆಗ ಆ ಊರು ಬೊಂಬಾಯಿ ಪ್ರಾಂತಕ್ಕೆ ಸೇರಿತ್ತು. 1980ರಲ್ಲಿ ‘ಸಿನಿಮಾ ವಿಷನ್’ ಎಂಬ ಇಂಗ್ಲಿಷ್ ಪತ್ರಿಕೆಯಲ್ಲಿ ಅವರು ನಾದಿಯಾಳನ್ನು ಕುರಿತು ಒಂದು ಪ್ರಬಂಧ ಬರೆದರು. ಕುದುರೆಯೇರಿ ಬರುವಾಗ ಆಕೆ ಹಾಕುತ್ತಿದ್ದ ಕೂಗು ತಮ್ಮ ಬಾಲ್ಯದ ನೆನಪುಗಳಲ್ಲಿ ಎಷ್ಟು ಗಟ್ಟಿಯಾಗಿ ಉಳಿದಿದೆಯೆಂಬುದನ್ನು ಅದರಲ್ಲಿ ಹೇಳಿದ್ದಾರೆ. ಬರೆದ ಕಾಲವನ್ನು ಗಮನಿಸಬೇಕು. ಆ ವೇಳೆಗೆ ಅವರು ‘ತುಘಲಕ್’ ಬರೆದವರು, ‘ಸಂಸ್ಕಾರ’ದಲ್ಲಿ ನಟಿಸಿದವರು, ‘ಕಾಡು’ ಚಿತ್ರವನ್ನು ನಿರ್ದೇಶಿಸಿದವರು, ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿದ್ದವರು. ಅಂತಹವರು ಅಳುಕಿಲ್ಲದೆ ಬರೆದ ಮೇಲೆ ಅಳುಕುವುದು ಉಳಿದವರ ಪಾಡು! ಶಿರಸಿಯ ಹುಡುಗನಿಗೆ ಮಾತ್ರ ಅಳುಕೆಂಬುದೇ ಇರಲಿಲ್ಲವೆಂಬುದು ನಮ್ಮ ವಿಚಾರಕ್ಕೆ ಮುಖ್ಯ. ಮಗುವಿನಲ್ಲಿ ಇಲ್ಲದ್ದು ದೊಡ್ಡವನಲ್ಲಿ ಬರುವುದಾದರೆ ನಡುವೆ ಯಾರೋ ಅದನ್ನು ಕಲಿಸಿರಲೇಬೇಕು.

ಕಲಿಸಿದವರು ಯಾರು? ಹಿಂದಕ್ಕೆ ಹೋದರೆ 1927ರ ಅಕ್ಟೋಬರಿನಲ್ಲಿ ಸರ್ಕಾರ ನೇಮಿಸಿದ ಚಲಚ್ಚಿತ್ರ ವಿಚಾರಣಾ ಸಮಿತಿ ಎದುರಾಗುತ್ತದೆ. ಮದರಾಸಿನ ದಿವಾನ್ ಬಹದ್ದೂರ್ ಟಿ. ರಂಗಾಚಾರಿಯರ್ ಅದರ ಅಧ್ಯಕ್ಷರು. ಸಮಿತಿ ದೇಶವನ್ನೆಲ್ಲ ಸುತ್ತಿ 353 ಮಂದಿಯ ಸಾಕ್ಷ್ಯವನ್ನು ಪಡೆದು 1928ರಲ್ಲಿ ವರದಿ ಒಪ್ಪಿಸಿತು. ಭಾರತದಲ್ಲಿ ಅತ್ಯಂತ ಜನಪ್ರಿಯವಾದ ಚಿತ್ರ ಫೇರ್‌ಬ್ಯಾಂಕ್ಸನ ‘ದಿ ಥೀಫ್ ಆಫ್ ಬಗ್ದಾದ್’ (1924) ಎಂದು ಆ ವರದಿಯೇ ಹೇಳುತ್ತದೆ. ಅದು ಸಾಹಸಚಿತ್ರ! ಆದರೂ ಸಾಕ್ಷ್ಯದ ಸಂಪುಟಗಳನ್ನು ತಿರುವಿದರೆ ಮತ್ತೆ ಮತ್ತೆ ಕಾಣುವುದು ಒಂದು ವಿಭಾಗಕ್ರಮ: ವಿದ್ಯಾವಂತರಿಗೆ ಒಂದು ಬಗೆಯ ಚಿತ್ರ, ಅವಿದ್ಯಾವಂತರಿಗೆ ಹೊಡೆದಾಟದ ಧಾರಾವಾಹಿಗಳು. ಸಾಕ್ಷಿ ನುಡಿದವರು ವಕೀಲರು, ಅಧಿಕಾರಿಗಳು, ಶಿಕ್ಷಕರು, ಚಿತ್ರವ್ಯಾಪಾರಿಗಳು. ನೆಲದ ಮೇಲೆ ಕೂತು ನೋಡುತ್ತಿದ್ದವರನ್ನು ಕುರಿತು ಬಹಳ ಹೇಳಿದ್ದಾರೆ. ಅವರ ಮಾತು ಮಾತ್ರ ಅದರಲ್ಲಿ ಕೇಳಿಬರುವುದು ತೀರ ಅಪರೂಪ.

ಚಿತ್ರಮಂದಿರದ ಒಳಗಿನ ಏರ್ಪಾಡೂ ಇದೇ ವಿಭಾಗಕ್ರಮವನ್ನು ಕಣ್ಣಿಗೆ ತೋರಿಸುವಂತಿತ್ತು. ಹಿಂದೆ ಕುರ್ಚಿ, ನಡುವೆ ಬೆಂಚು, ಮುಂದೆ ನೆಲ. ನಮ್ಮ ಊರುಗಳ ಟೆಂಟುಗಳಲ್ಲಿ ಪರದೆಗೆ ಹತ್ತಿರದ ಅಗ್ಗದ ಜಾಗಕ್ಕೆ ‘ಗಾಂಧಿ ಕ್ಲಾಸು’ ಎಂಬ ಹೆಸರು ರೂಢಿಯಲ್ಲಿತ್ತು. (ಮಹಾತ್ಮರು ಮೂರನೆಯ ದರ್ಜೆಯಲ್ಲಿ ಪ್ರಯಾಣ ಮಾಡುತ್ತಿದ್ದುದನ್ನು ಜನ ಹೀಗೆ ನೆನಪಿಟ್ಟುಕೊಂಡರೆಂದು ತೋರುತ್ತದೆ.) ಸಾಹಸಚಿತ್ರಕ್ಕೆ ಶಿಳ್ಳೆ ಬರುತ್ತಿದ್ದುದು ಅಲ್ಲಿಂದ. ಕುರ್ಚಿಯಲ್ಲಿ ಕೂತವನಿಗೂ ಚಿತ್ರ ಹಿಡಿಸಿದರೆ, ಅವನ ಸುಖ ಗಾಂಧಿ ಕ್ಲಾಸಿನವನ ಸುಖವೇ ಆಗಿಬಿಡುತ್ತದೆ. ಕೊಟ್ಟ ಹೆಚ್ಚಿನ ಕಾಸಿಗೆ ಅರ್ಥವೇನು? ನಮ್ಮ ಅಳುಕಿನ ಬೇರು ಇಲ್ಲಿದೆಯೆಂದು ಈ ಲೇಖಕನ ಅಭಿಪ್ರಾಯ. ನಾವು ನಾಚುವುದು ಚಿತ್ರದ ಗುಣಕ್ಕಾಗಿ ಅಷ್ಟಿಲ್ಲ, ನೋಡುವಾಗ ಯಾರ ಜೊತೆಯವರಾಗುತ್ತೇವೆಂಬುದಕ್ಕಾಗಿ. ಪೌರಾಣಿಕ, ಭಕ್ತಿಪ್ರಧಾನ, ಐತಿಹಾಸಿಕ, ಸಾಮಾಜಿಕ, ಸ್ಟಂಟ್ ಎಂದು ಚಿತ್ರೋದ್ಯಮ ಮಾಡಿಕೊಂಡ ವರ್ಗೀಕರಣದಲ್ಲಿ ಸ್ಟಂಟ್ ಚಿತ್ರ ಕಟ್ಟಕಡೆಯ ಪಂಕ್ತಿಯಲ್ಲಿ ಕೂತದ್ದೂ ಹೀಗೆಯೇ. ಮುಂದೆ ಕಾಲೇಜುಗಳೂ ಫಿಲ್ಮ್ ಸೊಸೈಟಿಗಳೂ ಬೆಳೆದಂತೆ ಈ ತಾರತಮ್ಯಕ್ಕೆ ಶಾಸ್ತ್ರದ ಬಲ ಬಂದಿತು. ಟಿಕೆಟ್ಟಿನ ದರದಿಂದ ಹುಟ್ಟಿದ ಭೇದ ಅಭಿರುಚಿಯ ಭೇದವೆನ್ನಿಸಿಕೊಂಡಿತು.

ಅಳುಕು ಪ್ರೇಕ್ಷಕರಲ್ಲಿಯೇ ನಿಲ್ಲಲಿಲ್ಲ. ಚಿತ್ರ ತೆಗೆದವರ ಮನೆಯೊಳಕ್ಕೂ ಬಂದಿತು. ಸಾಹಸಚಿತ್ರಗಳಿಂದ ಗಳಿಸಿದ ಹಣದ ಮೇಲೆ ನಿಂತು ಜೆ. ಬಿ. ಎಚ್. ವಾಡಿಯಾ ಗೌರವದ ಚಿತ್ರಗಳ ಕಡೆಗೆ ಮನಸ್ಸು ಹರಿಸಿದರು. 1941ರಲ್ಲಿ ಮಧು ಬೋಸರ ನಿರ್ದೇಶನದಲ್ಲಿ ಸಾಧನಾ ಬೋಸ್, ಪೃಥ್ವಿರಾಜ್ ಕಪೂರರನ್ನಿಟ್ಟುಕೊಂಡು ‘ರಾಜನರ್ತಕಿ’ಯನ್ನು ಹಿಂದಿ, ಬಂಗಾಳಿ, ಇಂಗ್ಲಿಷ್ ಮೂರು ಭಾಷೆಗಳಲ್ಲಿಯೂ ತೆಗೆಸಿದರು. ತಮ್ಮನಾದ ಹೋಮಿಗೆ ಸಾಹಸಚಿತ್ರಗಳೇ ಪ್ರಿಯ. ಸೋದರರ ದಾರಿ ಬೇರೆಯಾಯಿತು. ಹೋಮಿ 1942ರಲ್ಲಿ ‘ಬಸಂತ್ ಪಿಕ್ಚರ್ಸ್’ ಸ್ಥಾಪಿಸಿ ಮರುವರ್ಷವೇ ನಾದಿಯಾಳೊಡನೆ ‘ಹಂಟರ್‌ವಾಲಿ ಕೀ ಬೇಟಿ’ ತೆರೆಗೆ ತಂದರು. ಚಾವಟಿ ಮತ್ತೆ ಹಣ ತಂದಿತು. ಪರೇಲಿನ ಸ್ಟುಡಿಯೊ ವಿ. ಶಾಂತಾರಾಮರ ಕೈಸೇರಿ ‘ರಾಜಕಮಲ್ ಕಲಾಮಂದಿರ’ವಾಯಿತು. ಇದನ್ನು ಅಣ್ಣತಮ್ಮಂದಿರ ಮನಸ್ತಾಪವೆಂದಷ್ಟೇ ತಿಳಿಯುವುದು ಸಲ್ಲದು. ಒಬ್ಬನೇ ಪ್ರೇಕ್ಷಕನ ಎದೆಯಲ್ಲಿ ನಡೆಯುವ ಜಗಳ ಇಲ್ಲಿ ಇಬ್ಬರು ಸೋದರರಾಗಿ ಹಂಚಿಹೋಗಿ ಎರಡು ಕಂಪೆನಿಗಳಾಯಿತು.

ಇತ್ತೀಚಿನ ಕೆಲವು ದಶಕಗಳಿಂದ ಗಾಳಿ ಬೇರೆ ಕಡೆಗೆ ಬೀಸುತ್ತಿದೆ. ಮನೆತನದವರೇ ಆದ ರಿಯಾದ್ ವಾಡಿಯಾ 1993ರಲ್ಲಿ ನಾದಿಯಾಳನ್ನು ಕುರಿತು ಸಾಕ್ಷ್ಯಚಿತ್ರ ತೆಗೆದ ಮೇಲೆ ವಿದ್ವಾಂಸರ ದೃಷ್ಟಿ ಆಕೆಯ ಕಡೆಗೆ ಹೊರಳಿತು. ಪರದೆಯ ಮೇಲಿನ ದುಷ್ಟ ಮಂತ್ರಿ ಬ್ರಿಟಿಷ್ ಪ್ರಭುತ್ವದ ಸಂಕೇತ. ಕುದುರೆಯೇರಿದ ಹೆಣ್ಣು ಸ್ತ್ರೀಸ್ವಾತಂತ್ರ್ಯದ ಸಂಕೇತ. ಸೆನ್ಸಾರಿನ ಕಣ್ಣು ತಪ್ಪಿಸಿ ರಾಷ್ಟ್ರೀಯ ಭಾವನೆಯನ್ನು ಸಾರಲು ಇದೇ ದಾರಿ, ಎಂಬ ವ್ಯಾಖ್ಯಾನಗಳು ಬಂದಿವೆ. ಇವು ಆಧಾರವಿಲ್ಲದ ಮಾತುಗಳಲ್ಲ. ಜೆ. ಬಿ. ಎಚ್. ಅವರೇ ತಮ್ಮ ಉದ್ದೇಶವನ್ನು ಹೀಗೆ ವಿವರಿಸಿದ್ದುಂಟು. ‘ಡೈಮಂಡ್ ಕ್ವೀನ್’ ಚಿತ್ರದಲ್ಲಿ ಹೆಣ್ಣಿನ ಹಕ್ಕನ್ನು ಕುರಿತ ನೇರವಾದ ಮಾತುಗಳಿವೆ. ಆದರೂ ಈ ಬಗೆಯ ವ್ಯಾಖ್ಯಾನದಲ್ಲಿ ನಮಗೆ ಪೂರ್ಣ ಸಮಾಧಾನವಿಲ್ಲ. ಅರ್ಥವಿದೆಯೆಂದು ತೋರಿಸಿಯೇ ಸುಖಕ್ಕೆ ಅನುಮತಿ ಪಡೆಯುವುದಾದರೆ ಹಳೆಯ ಅಳುಕು ಹೋದಂತಾಗಲಿಲ್ಲ. ಅದಕ್ಕೊಂದು ಯೋಗ್ಯತಾಪತ್ರ ಸಿಕ್ಕಂತಾಯಿತು, ಅಷ್ಟೆ. ಗಾಂಧಿ ಕ್ಲಾಸಿನವರು ಸಂಕೇತವನ್ನು ಬಿಡಿಸಲು ಬರುತ್ತಿದ್ದರೆ? ನಮ್ಮ ಯಕ್ಷಗಾನ ಬಯಲಾಟದಲ್ಲಿ ನಡುರಾತ್ರಿಯ ತೂಕಡಿಕೆ ಹರಿಯುವಂತೆ ಅಬ್ಬರದೊಡನೆ ಬಣ್ಣದ ವೇಷ ಪ್ರವೇಶ ಮಾಡಿದಾಗ ಪ್ರೇಕ್ಷಕನು ಪಡುವ ಹಿಗ್ಗಿಗೆ ತತ್ತ್ವಾರ್ಥವನ್ನು ಯಾರೂ ಕೇಳುವುದಿಲ್ಲ. ಅದ್ಭುತವನ್ನು ರಸಗಳಲ್ಲಿ ಒಂದೆಂದು ಎಣಿಸಿದ ನಾಡಿನವರು ಓಡುವ ರೈಲಿನ ಮೇಲಿನ ಹೊಡೆದಾಟಕ್ಕೆ ಬೆರಗಾಗಲು ಇಷ್ಟು ಕಾರಣಗಳನ್ನು ಕೂಡಿಹಾಕಬೇಕಾಗಿಲ್ಲ.

ಹಾಗೆಂದು ಅಳುಕೆಲ್ಲವೂ ತಪ್ಪೆನ್ನುವುದೂ ಸರಿಯಲ್ಲ. ಇದೇ ಸ್ಟುಡಿಯೊದಿಂದ 1937ರಲ್ಲಿ ಹೋಮಿ ನಿರ್ದೇಶಿಸಿದ ‘ತೂಫಾನಿ ಟಾರ್ಜನ್’ ಬಂದಿತು. ಅದರಲ್ಲಿ ದಾದಾ ಎಂಬ ಪಾತ್ರವನ್ನು ಅರ್ಧ ಮನುಷ್ಯ, ಅರ್ಧ ವಾನರನಂತೆ ಚಿತ್ರಿಸಿದೆ. ಕಾಡಿನ ಜನರೆಂದರೆ ಕುಣಿಯುವ, ಕೂಗುವ, ಬಲಿಕೊಡುವ ಗುಂಪೆಂಬ ಹಾಲಿವುಡ್ಡಿನ ಭಾವನೆಯನ್ನು ಈ ಜಾತಿಯ ಚಿತ್ರಗಳು ವಿಚಾರವಿಲ್ಲದೆ ಎತ್ತಿಕೊಂಡುವು. ಬಿಳಿಯ ಮೈಬಣ್ಣದ ನಾಯಿಕೆಯ ಜನಪ್ರಿಯತೆಯಲ್ಲಿ ವಸಾಹತು ಕಾಲದ ವರ್ಣಮೋಹ ಎಷ್ಟು, ಆಕೆಯ ಧೈರ್ಯದ ಪಾಲು ಎಷ್ಟು, ಎಂಬ ಪ್ರಶ್ನೆಯನ್ನೂ ಬದಿಗೊತ್ತಲಾಗದು. ಇಂತಹ ಕಡೆ ನೋಡುವವನಿಗೆ ಮುಜುಗರವಾದರೆ ಅದು ಆಗತಕ್ಕದ್ದೇ. ಇದು ಮನಸ್ಸಾಕ್ಷಿಯ ಅಳುಕು. ಹಿಂದೆ ಹೇಳಿದ್ದು ಪಂಕ್ತಿಭೇದದ ಅಳುಕು. ಎರಡೂ ಒಂದೇ ಹೆಸರಿನಿಂದ ತಿರುಗಾಡುವುದರಿಂದ ತೊಂದರೆ. ನಮ್ಮ ವಿಮರ್ಶಕರಲ್ಲಿ ಅನೇಕರು ನೆಲದವರ ಶಿಳ್ಳೆಗೆ ಮುಖ ಸಿಂಡರಿಸಿದರೇ ಹೊರತು ದಾದಾನ ಪಾತ್ರದ ಮಾತೆತ್ತಲಿಲ್ಲ.

ಕನ್ನಡದಲ್ಲಿಯೂ ಇದರ ಪ್ರತಿಬಿಂಬವಿದೆ. ದೊರೆ–ಭಗವಾನ್ ಜೋಡಿ 1968ರಲ್ಲಿ ರಾಜಕುಮಾರರನ್ನು ಸಿ.ಐ.ಡಿ. 999 ಎಂಬ ಪತ್ತೇದಾರನ ವೇಷದಲ್ಲಿ ತೋರಿಸಿ ‘ಜೇಡರ ಬಲೆ’ ತೆಗೆದರು. ಜೇಮ್ಸ್ ಬಾಂಡ್ ಚಿತ್ರಗಳ ಧಾಟಿಯನ್ನು ಕನ್ನಡಕ್ಕೆ ತಂದ ಚಿತ್ರ ಅದು. ಅದೇ ವರ್ಷ ‘ಗೋವಾದಲ್ಲಿ ಸಿ.ಐ.ಡಿ. 999’, ಮರುವರ್ಷ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999’ ಬಂದುವು. ಈ ನಿರ್ದೇಶಕರ ವಿಚಾರ ಬಂದಾಗ ‘ಕಸ್ತೂರಿ ನಿವಾಸ’ (1971), ‘ಎರಡು ಕನಸು’ (1974) ಇವುಗಳನ್ನು ಮೊದಲು ಹೆಸರಿಸಿ, ಪತ್ತೇದಾರಿ ಚಿತ್ರಗಳನ್ನು ಹುಡುಗುತನವೆಂಬಂತೆ ಮುಗುಳ್ನಕ್ಕು ದಾಟುವುದು ವಾಡಿಕೆ. ನಾದಿಯಾ ಕೊನೆಯ ಸಲ ಪರದೆಯ ಮೇಲೆ ಕಾಣಿಸಿಕೊಂಡ ‘ಖಿಲಾಡಿ’ಯೂ 1968ರದೇ, ಅದೂ ಗೂಢಚಾರರ ಕಥೆಯೇ, ಎಂಬುದು ಆಕಸ್ಮಿಕವಾದರೂ ಸ್ವಾರಸ್ಯವಾಗಿದೆ.

ಈ ಅಳುಕಿನಿಂದ ಇತಿಹಾಸಕ್ಕಾದ ನಷ್ಟ ಕಡೆಯದಾಗಿ ವಿಚಾರಿಸತಕ್ಕ ವಿಷಯ. ಭಾರತದಲ್ಲಿ ತಯಾರಾದ ಮೂಕಚಿತ್ರಗಳು ಸುಮಾರು 1,300. ಪೂರ್ಣವಾಗಿಯೋ ತುಣುಕಾಗಿಯೋ ಉಳಿದಿರುವುವು ಬೆರಳೆಣಿಕೆಯವು. ಆ ಕಾಲದ ಫಿಲ್ಮು ಬೇಗ ಬೆಂಕಿ ಹತ್ತುವಂತಹದು. ಅದರಲ್ಲಿನ ಬೆಳ್ಳಿಗಾಗಿ ಹಳೆಯ ಸುರುಳಿಗಳನ್ನು ಮಾರಿಬಿಡುವ ಪದ್ಧತಿಯೂ ಇತ್ತು. ಪುಣೆಯಲ್ಲಿ ರಾಷ್ಟ್ರೀಯ ಚಲಚ್ಚಿತ್ರ ಸಂಗ್ರಹಾಲಯ ಆರಂಭವಾದದ್ದು 1964ರಲ್ಲಿ. ಅಷ್ಟರಲ್ಲಿ ಹೋಗಬೇಕಾದುದೆಲ್ಲ ಬಹುಮಟ್ಟಿಗೆ ಹೋಗಿತ್ತು. ‘ಆಲಂ ಆರಾ’ದಂತಹ ಮಾನ್ಯ ಚಿತ್ರವೇ ಉಳಿಯದಿರುವಾಗ ನಷ್ಟಕ್ಕೆ ಅಳುಕೊಂದೇ ಕಾರಣವೆನ್ನಲಾಗದು. ಆದರೆ ಚಿತ್ರ ಹೋದರೂ ಅದನ್ನು ಕುರಿತ ಬರೆಹ ಉಳಿಯಬಹುದಾಗಿತ್ತು. ಪೌರಾಣಿಕ, ಸಾಮಾಜಿಕ ಚಿತ್ರಗಳಿಗೆ ವಿಮರ್ಶೆ, ಸ್ಮರಣೆ, ಚರ್ಚೆ ಉಳಿದಿವೆ. ಸ್ಟಂಟ್ ಚಿತ್ರಗಳಿಗೆ ಬಹುಪಾಲು ಹೆಸರಿನ ಪಟ್ಟಿ ಮಾತ್ರ. ನೋಡಿದವರು ಹೇಳಿಕೊಳ್ಳಲಿಲ್ಲ, ಬರೆಯಬಲ್ಲವರು ಬರೆಯಲಿಲ್ಲ.

ಬೆಂಗಳೂರಿನ ಮಟ್ಟಿಗೆ ಇದು ದೂರದ ಸಂಗತಿಯಲ್ಲ. 1929ರ ಸುಮಾರಿಗೆ ಹರಿಭಾಯಿ ದೇಸಾಯಿ ಇಲ್ಲಿ ‘ಸೂರ್ಯ ಫಿಲ್ಮ್ ಕಂಪೆನಿ’ಯನ್ನು ಸ್ಥಾಪಿಸಿ, ವಾಕ್ಚಿತ್ರ ಬಂದು ಮೂಕಚಿತ್ರವನ್ನು ಮೂಲೆಗೊತ್ತುವವರೆಗೆ ಹತ್ತಾರು ಚಿತ್ರಗಳನ್ನು ತೆಗೆಸಿದರು, ಅವುಗಳಲ್ಲಿ ಹೆಚ್ಚಿನವು ಸಾಹಸಚಿತ್ರಗಳೇ. ಕನ್ನಡ ಚಿತ್ರದ ಚರಿತ್ರೆಯನ್ನು 1934ರ ‘ಸತಿ ಸುಲೋಚನ’ದಿಂದ ಆರಂಭಿಸುವ ರೂಢಿಯಲ್ಲಿ ಇವಕ್ಕೆ ಸಿಕ್ಕುವುದು ಒಂದೆರಡು ಸಾಲು. ಸಂಶೋಧನೆಗೆ ವಿಷಯ ಸಿಕ್ಕದೆಂದು ಹೇಳುವ ವಿದ್ಯಾರ್ಥಿಗಳು ಈ ಕಡೆ ನೋಡಬಹುದು. ರಂಗಾಚಾರಿಯರ್ ಸಮಿತಿಯ ಸಾಕ್ಷ್ಯದ ಸಂಪುಟಗಳು ಅಚ್ಚಾಗಿವೆ. ಆ ಕಾಲದ ಪತ್ರಿಕೆಗಳಲ್ಲಿ ಚಿತ್ರಮಂದಿರಗಳ ಜಾಹೀರಾತುಗಳಿವೆ. ಟಾಕೀಸುಗಳ ಬಾಗಿಲಲ್ಲಿ ಕಾಸಿಗೆ ಮಾರುತ್ತಿದ್ದ ಹಾಡಿನ ಪುಸ್ತಕಗಳು ಹಳೆಯ ಪುಸ್ತಕದ ಅಂಗಡಿಗಳಲ್ಲಿ ಆಗೊಮ್ಮೆ ಈಗೊಮ್ಮೆ ಕೈಗೆ ಸಿಕ್ಕುತ್ತವೆ. ಟೆಂಟುಗಳಿಗೆ ಪರವಾನಗಿ ಕೊಟ್ಟ ಪುರಸಭೆಗಳ ಕಡತಗಳಿದ್ದರೆ, ಯಾವ ಊರಿನಲ್ಲಿ ಎಷ್ಟು ಕಾಲ ಟೆಂಟು ನಿಂತಿತ್ತು, ನೆಲಕ್ಕೆಷ್ಟು, ಬೆಂಚಿಗೆಷ್ಟು, ಕುರ್ಚಿಗೆಷ್ಟು ದರವಿತ್ತು ಎಂಬುದು ತಿಳಿಯುವುದು ಅವುಗಳಿಂದಲೇ. ರದ್ದಿಗೆ ಹೋಗುವ ಮುನ್ನ ಅವನ್ನು ಕೇಳಿ ನೋಡಬೇಕು.